ನೀಲಿ ಅಂಗಿಯ ಒಳಮಗ್ಗುಲು

ಫೆಬ್ರವರಿ 9

ಅಮ್ಮ,

ಕಾಗದವೆಂದರೆ 'ನಾನಿಲ್ಲಿ ಕ್ಷೇಮ' ಎಂದು ಶುರುವಾಗಬೇಕು. ನಾನು ಕ್ಷೇಮವಾಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗದೆ ಓದಿ ಮುಗಿಸು. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಎದುರು ಯಾವಾಗಲೂ ಒಬ್ಬಳಲ್ಲ ಒಬ್ಬಳು ಅಳತೆಗೆ ನಿಂತಿರುತ್ತಾಳೆ, ಹೊಲಿಗೆ ಯಂತ್ರದ ಸದ್ದು ಬೇರೆ. ನನ್ನ ಕಡೆ ಹಾಸ್ಟೆಲ್ ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ. ನಿಜ ಹೇಳಬೇಕೆಂದರೆ ನಾವಿಬ್ಬರೂ ಎದುರುಬದುರು ಕೂತಾಗಲೂ ಇಂಥ ಮಾತು ಆಡಿದವರಲ್ಲ.

ನಾಲ್ಕು ತಿಂಗಳು ಮುಟ್ಟಾಗಲಿಲ್ಲ. ಆಮೇಲೆ ಆದದ್ದು ಇಪ್ಪತ್ತೆರಡು ದಿನ ನಿಲ್ಲಲೇ ಇಲ್ಲ. ಕನ್ನಡಕದಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡಬೇಕು, ಕಾಲು ನಡುಗುತ್ತಿತ್ತು. ಕೊನೆಗೆ ಬಸ್ ನಿಲ್ದಾಣದ ಪಕ್ಕದ ಡಾಕ್ಟರ ಹತ್ತಿರ ಹೋದೆ. "ಇದು ಪಿಸಿಓಎಸ್. ಹಾರ್ಮೋನ್ ಏರುಪೇರಾಗಿ ಅಂಡಾಶಯ ಸರಿಯಾಗಿ ಕೆಲಸ ಮಾಡಲ್ಲ. ತೂಕ ಇಳಿಸಿ, ಮದುವೆ ಆಗಿ, ಸರಿಹೋಗುತ್ತೆ," ಎಂದರು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದು ನೋಡಿದರೆ ಎರಡೂ ಔಷಧಿ ಅಂಗಡಿಯಲ್ಲಿ ಸಿಗುತ್ತವೇನೋ ಅನ್ನಿಸಿತು.

ನಾನು ಅಂಗಡಿಗೆ ಬಂದವರ ಕಣ್ಣಿಗೆ ಒಂದೊಂದೇ ಲೆನ್ಸ್ ಹಾಕಿ, "ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?" ಎಂದು ಹತ್ತು ಸಲ ಕೇಳುತ್ತೇನೆ. ಅವರಿಗೆ ಅನುಮಾನವಿದ್ದರೆ ಮತ್ತೆ ಮೊದಲಿನಿಂದ ಶುರು. ಒಂದು ಕನ್ನಡಕಕ್ಕೆ ಇಷ್ಟು ಮಾಡುತ್ತೇವೆ. ನನ್ನನ್ನು ಅವರು ಮೂರು ನಿಮಿಷದಲ್ಲಿ ಮುಗಿಸಿದರು.

ಯಾವಾಗಿನಿಂದ ದಪ್ಪ ಆಗಿದ್ದು ಎಂದೂ ಕೇಳಿದರು. ಎರಡು ವರ್ಷದಿಂದ ಎಂದೆ. ಕಾಲೇಜಿಗೆ ಸೇರುವಾಗ ನೀನು ಹೊಲಿದುಕೊಟ್ಟ ನೀಲಿ ಅಂಗಿ ನೆನಪಿದೆಯಲ್ಲ? ಮನೆ ಬಿಡುವವರೆಗೂ ಏಳು ವರ್ಷ ಹಾಕಿದೆ, ಒಂದು ದಿನ ಬಿಗಿಯಾಗಲಿಲ್ಲ. ಇಲ್ಲಿಗೆ ಬಂದು ಕೆಲವು ತಿಂಗಳಿಗೆ ಮೊದಲ ಸಲ ಸಿದ್ಧ ಉಡುಪಿನ ಅಂಗಡಿಗೆ ಹೋದಾಗ, ಅವರು ಕೊಟ್ಟ ಸೈಜು ನೋಡಿ ಬೇರೆ ಯಾರದ್ದೋ ಕೊಟ್ಟರು ಅಂದುಕೊಂಡಿದ್ದೆ. "ಹಾಸ್ಟೆಲ್ ಊಟ, ಸೋಮಾರಿತನ," ಎಂದು ಡಾಕ್ಟರು ಬರೆದುಕೊಂಡರು.

ನನಗೆ ಮೊದಲು ಮುಟ್ಟಾದದ್ದು ಯಾವ ವಯಸ್ಸಿಗೆ? ಆಗಲೂ ತಿಂಗಳು ತಪ್ಪುತ್ತಿತ್ತೇ? ಡಾಕ್ಟರು ಇದನ್ನೂ ಕೇಳಿದರು, ನನಗೆ ಸರಿಯಾಗಿ ನೆನಪಿರಲಿಲ್ಲ. ನಿನಗೆ ನೆನಪಿದ್ದಷ್ಟು ಬರೆ.

ಹೆಸರಿಗೆ ಮಾತ್ರ ಗುಬ್ಬಿಯಾಗಿ ಉಳಿದಿರುವ,
ನಿನ್ನ ಮಗಳು


ಫೆಬ್ರವರಿ 20

ಗುಬ್ಬಿ,

ನಿನ್ನ ಕಾಗದ ಮೂರು ಸಲ ಓದಿದೆ. ಒಂದು ಸಲ ಅಳತೆ ಪರದೆಯ ಹಿಂದೆ ನಿಂತು ಓದುತ್ತಿದ್ದಾಗ ಹೊರಗಿದ್ದವಳು, "ಏನಮ್ಮಾ, ಒಳಗೇ ನಿದ್ದೆ ಹೋದ್ರಾ?" ಎಂದು ಕೂಗಿದಳು. ಶಾಲೆಯ ಯೂನಿಫಾರ್ಮ್ ಅರವತ್ತು ಜೊತೆ ಒಪ್ಪಿಕೊಂಡಿದ್ದೇನೆ. ಕಣ್ಣೂ ಸೊಂಟವೂ ಒಟ್ಟಿಗೆ ಮುಷ್ಕರ ಹೂಡಿವೆ.

ನಿನ್ನ ಚಿಕ್ಕಮ್ಮನಿಗೆ ಹೇಳಿಬಿಟ್ಟೆ, ಬೈಯಬೇಡ. "ಅದೆಲ್ಲ ಒಂದು ಕಾಯಿಲೆನಾ ಅಕ್ಕ? ಮಗು ಆದ್ರೆ ತಾನಾಗೇ ಸರಿಹೋಗುತ್ತೆ," ಅಂದಳು. ನನ್ನ ತಂಗಿಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ನೀನು ಆ ಮಾತನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ.

ನೀನು ದೊಡ್ಡವಳಾದದ್ದು ಹದಿಮೂರಕ್ಕೆ. ಮಿಕ್ಕದ್ದು ನನಗೂ ಸರಿಯಾಗಿ ನೆನಪಿಲ್ಲ. ಎಷ್ಟು ವರ್ಷವಾಯಿತು. ಆ ವಯಸ್ಸಿನಲ್ಲಿ ಎಲ್ಲರಿಗೂ ಸ್ವಲ್ಪ ಹಿಂದೆಮುಂದೆ ಆಗುತ್ತದೆ.

ಇದರ ಜೊತೆ ಒಂದು ಅಂಗಿ ಕಳಿಸಿದ್ದೇನೆ, ಬೂದು ಬಣ್ಣದ್ದು, ಅಂಗಡಿಗೆ ಹಾಕಿಕೊಂಡು ಹೋಗಬಹುದು. ನೀಲಿ ಅಂಗಿ ಇನ್ನೂ ಇಟ್ಟುಕೊಂಡಿದ್ದೀಯಾ? ಹಳೆಯದಾಯಿತು, ಯಾರಿಗಾದರೂ ಕೊಟ್ಟುಬಿಡು. ಹೊತ್ತು ಹೊತ್ತಿಗೆ ಊಟ ಮಾಡು. ಬೇರೆ ಡಾಕ್ಟರಿಗೆ ತೋರಿಸು, ಒಬ್ಬರ ಮಾತೇ ಕೊನೆಯಲ್ಲ.

ಇತಿ,
ಅಮ್ಮ


ಮಾರ್ಚ್ 18

ಅಮ್ಮ,

ಬೂದು ಅಂಗಿ ಬಂತು. ಎರಡು ವರ್ಷದಲ್ಲಿ ನೀನು ನನ್ನನ್ನು ನೋಡಿದ್ದು ಎರಡೇ ಸಲ, ಅದೂ ಅಂಗಡಿಯ ಕೋಟು ಹಾಕಿಕೊಂಡಿದ್ದಾಗ. ಆದರೂ ಅಂಗಿ ಭುಜದಿಂದ ಸೊಂಟದವರೆಗೆ ಅಚ್ಚುಕಟ್ಟಾಗಿ ಕೂತಿತು. ಹೇಗೆ ಅಂದಾಜು ಮಾಡಿದೆಯೋ ನನಗಂತೂ ತಿಳಿಯಲಿಲ್ಲ.

ನೀನು ಹೇಳಿದಂತೆ ಬೇರೆ ಡಾಕ್ಟರಿಗೆ ತೋರಿಸಿದೆ. ಒಬ್ಬರಿಗಲ್ಲ. ಗದ್ದದ ಮೇಲೆ ಕೂದಲು ಬರುತ್ತಿದೆ, ಅದನ್ನು ನಿನಗೆ ಬರೆದಿರಲಿಲ್ಲ. ಮೊದಲು ಒಂದೆರಡಿತ್ತು, ಈಗ ಬೆಳಿಗ್ಗೆ ಎದ್ದು ಕೋಣೆಯವರಿಗಿಂತ ಮೊದಲು ಸ್ನಾನದ ಮನೆಗೆ ಹೋಗಿ ಕಿತ್ತುಕೊಳ್ಳುತ್ತೇನೆ. ಚರ್ಮದ ಡಾಕ್ಟರು ಗದ್ದ ನೋಡಿ ಮುಲಾಮು ಬರೆದರು. ಮುಟ್ಟಿನ ವಿಷಯ ಎತ್ತಿದೆ. "ಅದು ನಮ್ಮದಲ್ಲ, ಹೆಂಗಸರ ಡಾಕ್ಟರಿಗೆ ಕೇಳಿ," ಎಂದರು. ಹೆಂಗಸರ ಡಾಕ್ಟರು ಮುಟ್ಟು ಬರಿಸುವ ಮಾತ್ರೆ ಕೊಟ್ಟರು. ಗದ್ದ ತೋರಿಸಿದೆ. "ಅದು ಚರ್ಮದವರದು," ಎಂದರು. ಆಹಾರ ತಜ್ಞನೊಬ್ಬನ ಹತ್ತಿರವೂ ಹೋದೆ. ನನ್ನ ಹೊಟ್ಟೆ ನೋಡಿದ, ತೋಳು ನೋಡಿದ, ಮುಟ್ಟು ಎಂದ ಕೂಡಲೇ ಕಿಟಕಿ ನೋಡಿದ. ಅನ್ನ ಬಿಡಿ ಎಂದು ಕಿಟಕಿಗೇ ಹೇಳಿದ.

ಫೈಲು ದಪ್ಪವಾಗುತ್ತಿದೆ. ಹೋದಲ್ಲೆಲ್ಲ ಹೊಸದಾಗಿ ರಕ್ತ ತೆಗೆಯುತ್ತಾರೆ, ಹಿಂದಿನವರ ಚೀಟಿ ಯಾರೂ ಓದುವುದಿಲ್ಲ. ನನ್ನನ್ನು ತುಂಡು ತುಂಡಾಗಿ ಹಂಚಿಕೊಂಡಿದ್ದಾರೆ, ಒಟ್ಟು ಮಾಡಿ ನೋಡುವವರಿಲ್ಲ. ಅಂಗಡಿಯ ಯಜಮಾನರು ಒಳ್ಳೆಯವರು, ಅರ್ಧ ದಿನ ರಜೆ ಕೇಳಿದಾಗ ಕಾರಣ ಕೇಳುವುದಿಲ್ಲ. ಆದರೆ ನನಗೇ ಸುಳ್ಳು ಕಾರಣ ಹುಡುಕಿ ಸಾಕಾಗಿದೆ.

ದಣಿದಿದ್ದೇನೆ ಅಮ್ಮ. ನಿದ್ದೆ ಮಾಡಿ ಎದ್ದರೂ ದಣಿವು ಹೋಗುವುದಿಲ್ಲ. ನನಗೆ ಪವಾಡ ಬೇಡ. ಇದನ್ನು ಪೂರ್ತಿ ಬಲ್ಲವರು ಒಬ್ಬರು ಬೇಕು, ನನ್ನ ಮಾತು ಮುಗಿಯುವವರೆಗೆ ಕೂತಿರುವಂಥವರು.

ನೀಲಿ ಅಂಗಿ ಪೆಟ್ಟಿಗೆಯಲ್ಲೇ ಇದೆ. ಅದನ್ನು ಯಾಕೆ ಕೊಡಲಿ? ನಾನು ಸರಿಯಾಗಿದ್ದೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ನಿನ್ನ,
ಗುಬ್ಬಿ


ಏಪ್ರಿಲ್ 2

ಗುಬ್ಬಿ,

ಮೂವತ್ತು ವರ್ಷ ಇದೇ ಕಸುಬು ಮಾಡಿದವಳಿಗೆ ಸ್ವಂತ ಮಗಳ ಅಳತೆ ಅಂದಾಜಿಗೆ ಸಿಗದಿದ್ದರೆ ಅಂಗಡಿ ಮುಚ್ಚಬೇಕಷ್ಟೆ. ಅದನ್ನು ದೊಡ್ಡದು ಮಾಡಬೇಡ.

ಗದ್ದದ ವಿಷಯ ಓದಿ ಸಂಕಟವಾಯಿತು. ಸುಮ್ಮನೆ ಕೂತು ಅಳುವುದು ನನಗೆ ಬರುವುದಿಲ್ಲ, ಹಾಗಾಗಿ ಒಂದು ಕೆಲಸ ಮಾಡಿದೆ. ಎರಡು ವಾರ ಅಳತೆಗೆ ಬಂದವರನ್ನೆಲ್ಲ ಕೇಳಿದೆ. ಹೆಂಗಸರು ಬೇರೆ ಎಲ್ಲಿ ಸುಳ್ಳು ಹೇಳಿದರೂ ಸೊಂಟಕ್ಕೆ ಟೇಪು ಸುತ್ತಿದಾಗ ನಿಜ ಹೇಳುತ್ತಾರೆ. ಅಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ, ಇಂಚು ಕಾಣುತ್ತದಲ್ಲ. ಟೇಪು ಸುತ್ತುವಾಗ ಮೆಲ್ಲಗೆ, "ತಿಂಗಳು ತಿಂಗಳು ಸರಿಯಾಗಿ ಆಗುತ್ತೇನಮ್ಮ?" ಎಂದು ಕೇಳುವುದು. ಹದಿನೆಂಟು ಜನರಲ್ಲಿ ಐವರಿಗೆ ನಿನ್ನದೇ ಗೋಳು. ಸಂಗೀತ ಹೇಳಿಕೊಡುವ ಟೀಚರು ಡಾಕ್ಟರನ್ನೇ ಬಿಟ್ಟುಬಿಟ್ಟಿದ್ದಾರೆ. ಇನ್ನೊಬ್ಬಳು ಗಂಡನಿಗೂ ಹೇಳಿಲ್ಲ, ನನ್ನ ಹತ್ತಿರ ಹೇಳಿ ಅತ್ತಳು. ಇಷ್ಟು ವರ್ಷ ಇವರನ್ನೆಲ್ಲ ಅಳೆದೆ, ಇದೊಂದು ಕೇಳಲಿಲ್ಲ.

ಐವರಲ್ಲಿ ಒಬ್ಬಳು ಅಂಚೆ ಕಚೇರಿಯ ಗುಮಾಸ್ತೆ. ಏಳು ಡಾಕ್ಟರನ್ನು ಸುತ್ತಿ ಎಂಟನೆಯವರಲ್ಲಿ ನಿಂತಿದ್ದಾಳೆ. ಹಾರ್ಮೋನ್ ಡಾಕ್ಟರು ಎಂದೇ ಬೇರೆ ಇರುತ್ತಾರಂತೆ. ಅವಳ ಮಾತನ್ನು ಹಾಗೇ ಬರೆಯುತ್ತೇನೆ: "ಅವ್ರು ಬೋರ್ಡೇ ಹಾಕಿಲ್ಲಮ್ಮ. ದೊಡ್ಡಾಸ್ಪತ್ರೆ ಹಿಂದಿನ ಕಟ್ಟಡ, ಮೂರನೇ ಮಹಡಿ, ಕೊನೇ ಕೋಣೆ. ಸಕ್ಕರೆ ಕಾಯಿಲೆಯವ್ರು ಸಾಲಾಗಿ ಕೂತಿರ್ತಾರೆ, ಅವ್ರ ಜೊತೆನೇ ಕೂರ್ಬೇಕು. ನನ್ನ ಹತ್ರ ಮುಕ್ಕಾಲು ಗಂಟೆ ಮಾತಾಡಿದ್ರು. ಒಂದು ಸಲನೂ ಗಡಿಯಾರ ನೋಡಲಿಲ್ಲ."

ಆ ಆಸ್ಪತ್ರೆ ಇರುವುದು ನಿನ್ನ ಊರಿನಲ್ಲೇ. ಅವಳು ಇಲ್ಲಿಂದ ಮೂರು ತಿಂಗಳಿಗೊಮ್ಮೆ ರೈಲಿನಲ್ಲಿ ಹೋಗಿ ಬರುತ್ತಾಳೆ. ನಿನಗೆ ನಾಲ್ಕು ಸ್ಟಾಪು. ನಾಳೆಯೇ ಹೋಗಿ ಹೆಸರು ಬರೆಸು.

ಇತಿ,
ಅಮ್ಮ


ಮೇ 11

ಅಮ್ಮ,

ಹೆಸರು ಬರೆಸಿದೆ. ಸಿಕ್ಕ ತಾರೀಖು ಜುಲೈ 10. ಹೆಸರು ಬರೆದುಕೊಳ್ಳುವವನು ಒಂದು ಹಾಳೆ ಕೊಟ್ಟ. ಮೊದಲ ಮುಟ್ಟಿನಿಂದ ಇವತ್ತಿನವರೆಗೆ ಪ್ರತಿ ವರ್ಷ ಎಷ್ಟು ತಿಂಗಳು ತಪ್ಪಿತು, ತೂಕ ಎಷ್ಟಿತ್ತು, ತೂಕ ಗೊತ್ತಿಲ್ಲದಿದ್ದರೆ ಸೊಂಟದ ಸುತ್ತಳತೆ ಎಷ್ಟಿತ್ತು ಎಂದು ಬರೆಯಬೇಕು. "ಖಾಲಿ ತರಬೇಡಿ, ಮೇಡಂ ಅದನ್ನ ನೋಡದೆ ಶುರು ಮಾಡಲ್ಲ," ಎಂದ. ಹದಿಮೂರು ಎಂದು ಬರೆದು ಪೆನ್ನು ಮುಚ್ಚಿದ್ದೇನೆ. ಮುಂದಿನ ಚೌಕಗಳೆಲ್ಲ ಖಾಲಿಯೇ ಇವೆ.

ಜುಲೈವರೆಗೆ ಕಾಯಲು ಆಗಲಿಲ್ಲ. ಕಳೆದ ತಿಂಗಳು ಮತ್ತೆ ರಕ್ತ ನಿಲ್ಲಲಿಲ್ಲ. ಅನ್ನ ಬಿಟ್ಟಿದ್ದೆನಲ್ಲ, ಒಂದು ಹೊತ್ತಿನ ಊಟವನ್ನೂ ಬಿಟ್ಟಿದ್ದೆ. ಅಂಗಡಿಯಲ್ಲಿ ಒಬ್ಬರ ಮೂಗಿಗೆ ಫ್ರೇಮು ಕೂರಿಸುತ್ತಾ ಕೂರಿಸುತ್ತಾ ಅವರ ಮೇಲೆಯೇ ಬಿದ್ದೆ. ಯಜಮಾನರು ಎದುರಿನ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅದರ ಬೋರ್ಡು ಮೂರು ಅಂಗಡಿಯಷ್ಟು ಅಗಲವಿದೆ.

ಅಲ್ಲಿಯ ಸರ್ಜನ್ ರಕ್ತ, ಸ್ಕ್ಯಾನಿಂಗ್ ಎಲ್ಲ ಮಾಡಿಸಿದರು. ಗಂಡಸರ ಹಾರ್ಮೋನ್ ಜಾಸ್ತಿ ಇದೆಯಂತೆ, ಎಡ ಅಂಡಾಶಯ ದೊಡ್ಡದಾಗಿದೆಯಂತೆ. ಎಷ್ಟು ದಿನದಿಂದ ಎಂದು ಕೇಳಿದರು. ಎರಡು ವರ್ಷ ಎಂದೆ. "ಖಂಡಿತಾನಾ?" ಎಂದರು. ಖಂಡಿತ ಎಂದೆ, ನೀಲಿ ಅಂಗಿಯ ಕಥೆ ಹೇಳಿದೆ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಹೇಳಿದರು: "ಪಿಸಿಓಎಸ್ ಆದ್ರೆ ವರ್ಷಗಟ್ಟಲೆ ನಿಧಾನಕ್ಕೆ ಬರುತ್ತೆ. ನಿಮಗೆ ಎರಡೇ ವರ್ಷದಲ್ಲಿ ಇಷ್ಟೆಲ್ಲ ಆಗಿದೆ ಅಂದ್ರೆ ಅಂಡಾಶಯದಲ್ಲಿ ಗಡ್ಡೆ ಇರಬಹುದು. ಸ್ಕ್ಯಾನಿಂಗಲ್ಲಿ ಸ್ಪಷ್ಟ ಇಲ್ಲ. ತೆರೆದು ನೋಡೋಣ, ಬೇಕಾದ್ರೆ ಎಡಗಡೇದು ತೆಗೆದುಬಿಡೋಣ."

ಮೇ 29ಕ್ಕೆ ಆಪರೇಷನ್. ಅವರು ಕೆಟ್ಟವರಲ್ಲ ಅಮ್ಮ. ಮೊದಲ ಸಲ ಒಬ್ಬರು ನನ್ನ ಮಾತು ಕೇಳಿ ಬರೆದುಕೊಂಡರು, ಅದರಿಂದಲೇ ಈ ತೀರ್ಮಾನಕ್ಕೆ ಬಂದರು. ಮಕ್ಕಳ ಬಗ್ಗೆ ನಾನು ಇಲ್ಲಿಯವರೆಗೆ ಯೋಚಿಸಿದವಳೇ ಅಲ್ಲ. ಆದರೂ ನನ್ನೊಳಗಿನದನ್ನು ಕತ್ತರಿಸಿ ತೆಗೆಯುತ್ತಾರೆ ಎಂದಾಗ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಬೆಂಚಿನ ಮೇಲೆ ಕೂತುಬಿಟ್ಟೆ. ಭಯವಾಗುತ್ತಿದೆ. ನೀನು ಬರುವುದಾದರೆ 28ಕ್ಕೆ ಬಾ.

ಗುಬ್ಬಿ


ಮೇ 16

ಗುಬ್ಬಿ,

ಆಪರೇಷನ್ ಬೇಡ. ಮೊದಲು ಈ ಸಾಲು ಓದು, ಮಿಕ್ಕದ್ದು ಆಮೇಲೆ. ಸರ್ಜನ್ ಹತ್ತಿರ ಇವತ್ತೇ ಹೋಗಿ ಎರಡು ವರ್ಷ ಅಲ್ಲ ಎಂದು ಹೇಳು. ಹನ್ನೆರಡು ವರ್ಷ.

ನಿನ್ನ ಕಾಗದ ನೋಡಿದ ತಕ್ಷಣ ಫೋನ್ ಮಾಡಿದೆ. ನೀನು ಎತ್ತಿದೆ. "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಟ್ಟೆ. ಹಾಗಾಗಿ ಬರೆಯುತ್ತಿದ್ದೇನೆ. ಅಂಚೆಯ ಗುಮಾಸ್ತೆ ಇದನ್ನು ತಾನೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆಂದು ಮಗ್ಗುಲಲ್ಲೇ ಕಾಯುತ್ತಿದ್ದಾಳೆ.

ನೀನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಡ್ರಿಲ್ ಮಾಡುವಾಗ ಯೂನಿಫಾರ್ಮಿನ ಮಗ್ಗುಲು ಹರಿಯಿತು. ಮನೆಗೆ ಬಂದವಳೇ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಸೇರಿಕೊಂಡೆ, "ನಾನಿನ್ನು ಸ್ಕೂಲಿಗೆ ಹೋಗಲ್ಲ," ಎಂದೆ. ಅತ್ತು ಅತ್ತು ಅಲ್ಲೇ ನಿದ್ದೆ ಹೋದೆ. ನಾನು ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯಲ್ಲಿ ಅರ್ಧರ್ಧ ಇಂಚು ಹೊರಗೆ ತೆಗೆದು ಮತ್ತೆ ಹೊಲಿದೆ. ನೀನು ಎದ್ದಾಗ, "ಬಟ್ಟೆ ನೀರಿಗೆ ಕುಗ್ಗಿತ್ತು ಕಣೇ, ಇಸ್ತ್ರಿ ಹಾಕಿ ಎಳೆದೆ, ಸರಿಹೋಯ್ತು," ಎಂದೆ. ನೀನು ಹಾಕಿಕೊಂಡು ನೋಡಿ ನಕ್ಕೆ. ಆ ನಗು ನೋಡಿದ ಮೇಲೆ ನಿಜ ಹೇಳಲು ನನ್ನಿಂದ ಆಗಲಿಲ್ಲ.

ಅಲ್ಲಿಂದ ಮುಂದೆ ನಿನ್ನ ಪ್ರತಿ ಬಟ್ಟೆಗೂ ಒಳಗೆ ಎರಡೆರಡು ಇಂಚು ಹೆಚ್ಚು ಬಟ್ಟೆ ಬಿಟ್ಟೇ ಹೊಲಿದೆ. ಭಾನುವಾರ ಮಧ್ಯಾಹ್ನ ನೀನು ಊಟ ಮಾಡಿ ಮಲಗುತ್ತಿದ್ದೆಯಲ್ಲ, ಆಗ ನಿನ್ನ ಸೊಂಟದ ಕೆಳಗೆ ಟೇಪು ತೂರಿಸಿ ಅಳತೆ ತೆಗೆಯುತ್ತಿದ್ದೆ. ಬೇಕಾದಷ್ಟು ಬಿಚ್ಚಿ ಹೊಲಿದು, ನೀನು ಏಳುವ ಮೊದಲೇ ಮೊಳೆಗೆ ನೇತುಹಾಕುತ್ತಿದ್ದೆ. ನೀಲಿ ಅಂಗಿಯನ್ನು ನಾಲ್ಕು ಸಲ ಬಿಚ್ಚಿದ್ದೇನೆ. ಕೊನೆಗೆ ಒಳಗೆ ಬಟ್ಟೆ ಮುಗಿದು, ಕಂಕುಳಡಿಯಿಂದ ಉಳಿದ ತುಂಡಿನ ಪಟ್ಟಿ ಸೇರಿಸಿದೆ. ನೀನು ಏಳು ವರ್ಷ ಹಾಕಿದ್ದು ಒಂದೇ ಅಂಗಿಯಲ್ಲ ಗುಬ್ಬಿ.

ನಮ್ಮ ಕಸುಬಿನಲ್ಲಿ ಅಳತೆ ತೆಗೆಯದೆ ಹೊಲಿಗೆ ಬಿಚ್ಚುವುದಿಲ್ಲ, ತೆಗೆದ ಅಳತೆ ಬರೆಯದೆ ಬಿಡುವುದಿಲ್ಲ. ನಿನ್ನದೂ ಅಳತೆ ಪುಸ್ತಕದಲ್ಲಿದೆ, ಹೆಸರಿಲ್ಲದ ಒಂದು ಹಾಳೆ. ತಾರೀಖು, ಸೊಂಟ, ಎದೆ, ಹದಿನೇಳು ಸಾಲು. ಪ್ಯಾಡು ತರುತ್ತಿದ್ದದ್ದೂ ದಾರ, ಗುಂಡಿ ತರುವ ಅಂಗಡಿಯಿಂದಲೇ, ಅದೇ ಹಾಳೆಯ ಅಂಚಿನಲ್ಲಿ ತಿಂಗಳುಗಳನ್ನು ಬರೆದು, ನೀನು ಕೇಳಿದ ತಿಂಗಳ ಎದುರು ಒಂದು ಚುಕ್ಕಿ ಇಡುತ್ತಿದ್ದೆ. ಚುಕ್ಕಿ ಇಲ್ಲದ ತಿಂಗಳುಗಳು ನನ್ನ ಕಣ್ಣಿಗೆ ಬೀಳುತ್ತಲೇ ಇದ್ದವು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಹೋದರೆ ತೂಕ ನೋಡುತ್ತಾರೆ, ನಿನಗೆ ಗೊತ್ತಾಗುತ್ತದೆ ಎಂದು ಹೋಗಲಿಲ್ಲ. ಹೊಲಿಗೆ ಬಿಚ್ಚಿ ಹೊಲಿದರೆ ಆ ಮಟ್ಟಿಗೆ ಮುಗಿಯಿತು ಅಂದುಕೊಂಡೆ.

ಫೆಬ್ರವರಿಯಲ್ಲಿ ನೀನು ಕೇಳಿದಾಗ ಪುಸ್ತಕ ನನ್ನ ಮುಂದೆಯೇ ತೆರೆದಿತ್ತು. ನೆನಪಿಲ್ಲ ಎಂದು ಬರೆದೆ. ಬೂದು ಅಂಗಿಯ ಅಳತೆಯೂ ಅಂದಾಜಲ್ಲ, ಕೊನೆಯ ಸಾಲಿಗೆ ಒಂದಿಷ್ಟು ಸೇರಿಸಿ ಹೊಲಿದದ್ದು. ಮೂವತ್ತು ವರ್ಷದಲ್ಲಿ ಈ ಪುಸ್ತಕದಿಂದ ಒಂದು ಹಾಳೆ ಹರಿದವಳಲ್ಲ. ಇವತ್ತು ಹರಿದು ಇದರೊಳಗೆ ಇಟ್ಟಿದ್ದೇನೆ. ಇದನ್ನು ತೋರಿಸು.

ನನ್ನದು ತಪ್ಪಾಯಿತು.

ಅಮ್ಮ


ಜೂನ್ 3

ಅಮ್ಮ,

ಹಾಳೆ ಬಂತು. ಆಪರೇಷನ್ ನಿಂತಿದೆ. ಸರ್ಜನ್ ಹಾಳೆ ನೋಡಿ, "ಇದನ್ನ ಮೊದಲೇ ತಂದಿದ್ರೆ," ಎಂದರು. ಅವಸರವಿಲ್ಲ, ಮೊದಲು ಹಾರ್ಮೋನ್ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ನೀಲಿ ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಅಂಗಡಿಯ ಭೂತಗನ್ನಡಿ ಹಿಡಿದು ನೋಡಿದೆ. ಹಳೆಯ ಹೊಲಿಗೆಯ ತೂತುಗಳು ನಾಲ್ಕು ಸಾಲು ಇವೆ. ಏಳು ವರ್ಷ ಹಾಕಿದೆ, ಒಗೆದೆ, ಒಣಗಿಸಿದೆ, ಒಂದು ಸಲವೂ ಕಾಣಲಿಲ್ಲ. ಅಷ್ಟು ಚೆನ್ನಾಗಿ ಹೊಲಿಯುತ್ತೀಯ ನೀನು.

ಇಲ್ಲಿಗೆ ಬಂದ ಮೇಲೆ ಎರಡು ವರ್ಷ ನನ್ನನ್ನು ನಾನೇ ಬೈದುಕೊಂಡಿದ್ದೇನೆ. ಹೊಟ್ಟೆಬಾಕಿ ಎಂದುಕೊಂಡು ಊಟ ಬಿಟ್ಟೆ. ಅದು ನಿನಗೆ ಗೊತ್ತಿರಲಿ. ಸದ್ಯಕ್ಕೆ ಬಟ್ಟೆ ಕಳಿಸಬೇಡ, ಬರುವುದೂ ಬೇಡ. ಇದಕ್ಕಿಂತ ಹೆಚ್ಚು ಬರೆಯಲು ಆಗುತ್ತಿಲ್ಲ.

ಗುಬ್ಬಿ


ಜೂನ್ 21

ಗುಬ್ಬಿ,

ನೀನು ಹೇಳಿದ ಮೇಲೆ ಬರುವುದಿಲ್ಲ, ಬಟ್ಟೆಯನ್ನೂ ಕಳಿಸುವುದಿಲ್ಲ. ಯೂನಿಫಾರ್ಮ್ ಮುಗಿದವು. ಚಿಕ್ಕಮ್ಮ ಮೊನ್ನೆ ಬಂದು ಮತ್ತೆ ಮದುವೆಯ ಮಾತು ತೆಗೆದಳು. ಬಾಯಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ, ತೆಗೆದಿಟ್ಟು, "ಇನ್ನೊಂದು ಸಲ ಆ ಮಾತು ಆಡಿದ್ರೆ ನಿನ್ನ ಅಂಗಿ ನೀನೇ ಹೊಲ್ಕೋ," ಎಂದೆ. ಅವಳು ಚಹಾ ಕುಡಿಯದೆ ಹೋದಳು.

ಕಳೆದ ವಾರ ಹನ್ನೊಂದನೇ ತರಗತಿಯ ಒಂದು ಹುಡುಗಿಯನ್ನು ತಾಯಿ ಕರೆದುಕೊಂಡು ಬಂದಿದ್ದಳು. "ಹೊಲಿಗೆ ಬಿಚ್ಚಿ ಕೊಡಿ, ಇವಳಿಗೆ ಗೊತ್ತಾಗೋದು ಬೇಡ," ಎಂದು ನನ್ನ ಕಿವಿಯಲ್ಲಿ ಹೇಳಿದಳು. ಹುಡುಗಿಯ ಎದುರೇ ಅಳತೆ ತೆಗೆದು ಗಟ್ಟಿಯಾಗಿ ಓದಿ ಹೇಳಿದೆ, ತಿಂಗಳು ಸರಿಯಾಗಿ ಆಗುತ್ತದೆಯೇ ಎಂದೂ ಕೇಳಿದೆ. ತಾಯಿಗೆ ಕೋಪ ಬಂತು. ಮತ್ತೆ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ.

ಹತ್ತನೇ ತಾರೀಖು ಬೆಳಿಗ್ಗೆ ಏನಾದರೂ ತಿಂದುಕೊಂಡು ಹೋಗು.

ಅಮ್ಮ


ಜುಲೈ 14

ಅಮ್ಮ,

ಹೋಗಿ ಬಂದೆ. ಹಿಂದಿನ ಕಟ್ಟಡ, ಮೂರನೇ ಮಹಡಿ, ಕೊನೆಯ ಕೋಣೆ. ಲಿಫ್ಟು ಕೆಟ್ಟಿತ್ತು. ಸಕ್ಕರೆ ಕಾಯಿಲೆಯ ಅಜ್ಜಂದಿರ ನಡುವೆ ಮೂರು ಗಂಟೆ ಕೂತೆ. ಒಬ್ಬರು ಪೇಪರು ಓದಲು ಕೊಟ್ಟರು, ಅವರ ಕನ್ನಡಕ ಸಡಿಲವಾಗಿ ಜಾರುತ್ತಿತ್ತು, ನಾನು ಸರಿಮಾಡಿ ಕೊಟ್ಟೆ.

ಡಾಕ್ಟರಮ್ಮನಿಗೆ ನಿನ್ನ ವಯಸ್ಸು. ಅವರೂ ದಣಿದಿದ್ದರು, ಮೇಜಿನ ಮೇಲೆ ಅರ್ಧ ತಿಂದ ಬ್ರೆಡ್ ಇತ್ತು. "ಕೂತ್ಕೊಳ್ಳಿ. ಮೊದಲಿಂದ ಹೇಳಿ," ಎಂದರು. ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ನಿನ್ನ ಹಾಳೆ ಮುಂದಿಟ್ಟೆ. ಅವರು ಅದರ ಮೇಲೆ ಸ್ಕೇಲು ಇಟ್ಟು ಒಂದೊಂದೇ ಸಾಲು ಓದಿದರು, ಚುಕ್ಕಿಗಳನ್ನು ಬೆರಳಿಟ್ಟು ಎಣಿಸಿದರು. ಯಾರು ಬರೆದದ್ದು ಎಂದು ಕೇಳಿದರು. ನಮ್ಮಮ್ಮ, ಟೈಲರ್ ಎಂದೆ. "ಇಷ್ಟು ಸರಿಯಾಗಿ ನಮ್ಮ ವಾರ್ಡಲ್ಲೂ ಬರೆದಿಡಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಹತ್ತು ವರ್ಷ ಮೊದಲೇ ಯಾರಿಗಾದ್ರೂ ತೋರಿಸ್ಬೇಕಿತ್ತು," ಎಂದರು. ಎರಡು ಮಾತನ್ನೂ ಬರೆಯುತ್ತಿದ್ದೇನೆ. ಒಂದನ್ನು ಬರೆದು ಒಂದನ್ನು ಬಿಟ್ಟರೆ ನಾನೂ ನಿನ್ನ ಹಾಗೆ ಮಾಡಿದಂತಾಗುತ್ತದೆ.

ನಾನು ತಿಂದು ತಿಂದು ಹೀಗಾಯಿತೇ ಎಂದು ಕೇಳಿದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ನೋಡಿ, ಹದಿನಾಲ್ಕಕ್ಕೇ ಚುಕ್ಕಿ ತಪ್ಪೋಕೆ ಶುರುವಾಗಿದೆ. ಇಂಚು ಏರಿರೋದು ಆಮೇಲೆ. ಆಗ ನೀವು ಹಾಸ್ಟೆಲಲ್ಲಿ ಇದ್ರಾ?" ಇರಲಿಲ್ಲ ಎಂದೆ.

ಆಮೇಲೆ ಅವರು ಡ್ರಾಯರಿನಿಂದ ಟೇಪು ತೆಗೆದರು. ನಿನ್ನದೇ ಥರದ ಹಳದಿ ಟೇಪು, ತುದಿ ಸವೆದದ್ದು. ನನ್ನ ಸೊಂಟಕ್ಕೆ ಸುತ್ತಿ, "ಊಟ ಸರಿಯಾಗಿ ಮಾಡ್ತೀರಾ?" ಎಂದರು. ನೀನು ಹೇಳಿದ್ದು ಸರಿ ಅಮ್ಮ, ಆಗ ಸುಳ್ಳು ಬರುವುದಿಲ್ಲ. ಊಟ ಬಿಟ್ಟದ್ದು, ಬಿದ್ದದ್ದು, ಬೆಳಿಗ್ಗೆ ಕದ್ದು ಗದ್ದದ ಕೂದಲು ಕೀಳುವುದು, ನಿನ್ನ ಮೇಲಿನ ಕೋಪ, ಎಲ್ಲ ಹೇಳಿ ಅತ್ತೆ. ಅವರು ಟೇಪನ್ನು ಸುತ್ತಿಟ್ಟು, ನನ್ನ ಅಳು ಮುಗಿಯುವವರೆಗೆ ಕಾದರು. ಗಡಿಯಾರ ನೋಡಲಿಲ್ಲ.

ರಕ್ತ ಮತ್ತೆ ಪರೀಕ್ಷೆ ಮಾಡಿಸಿದರು, ಸ್ಕ್ಯಾನಿಂಗ್ ಚಿತ್ರವನ್ನು ಬೇರೆಯವರಿಗೂ ತೋರಿಸಿದರು. ನಿನ್ನೆ ಮತ್ತೆ ಹೋದೆ, ಉತ್ತರ ಬಂದಿತ್ತು. ಗಡ್ಡೆ ಇಲ್ಲ. ಎರಡೂ ಕಡೆ ಸಣ್ಣ ಸಣ್ಣ ಗುಳ್ಳೆಗಳಿವೆ, ಪಿಸಿಓಎಸ್‌ನಲ್ಲಿ ಇರುವಂಥವೇ. ಕತ್ತರಿಸುವುದೇನೂ ಇಲ್ಲ. ವಾಸಿಯಾಗುತ್ತದೆಯೇ ಎಂದೆ. "ಪೂರ್ತಿ ಹೋಗಲ್ಲ. ಹಿಡಿತದಲ್ಲಿ ಇಟ್ಕೋಬಹುದು, ನಾನಿದ್ದೀನಿ. ಮೂರು ತಿಂಗಳಿಗೊಂದು ಸಲ ಬನ್ನಿ, ಊಟ ಬಿಡಬೇಡಿ," ಎಂದರು. ಮಾತ್ರೆ ಎರಡು, ನಡಿಗೆ ದಿನಕ್ಕೆ ಮುಕ್ಕಾಲು ಗಂಟೆ. ಗದ್ದವೂ ತಮ್ಮದೇ ಎಂದರು. ಹಾಸ್ಟೆಲಿಗೆ ಬಂದು ಹೊಟ್ಟೆ ತುಂಬ ಉಂಡು ಹನ್ನೊಂದು ಗಂಟೆ ನಿದ್ದೆ ಮಾಡಿದೆ.

ಕೋಪ ಹೋಗಿಲ್ಲ. ಹೋಗುವುದಕ್ಕೆ ಎಷ್ಟು ದಿನ ಬೇಕೋ ನನಗೆ ಗೊತ್ತಿಲ್ಲ. ಆದರೆ ಮೇಜಿನ ಕೆಳಗೆ ಮಲಗಿದ್ದ ಆ ಹುಡುಗಿಗೆ ಆವತ್ತು ನೀನು ಏನು ಹೇಳಬೇಕಿತ್ತು ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ, ನನಗೂ ಸರಿಯಾದ ಮಾತು ಸಿಕ್ಕಿಲ್ಲ. ಮುಂದಿನ ತಿಂಗಳ ಎರಡನೇ ಶನಿವಾರ ಮನೆಗೆ ಬರುತ್ತೇನೆ.

ಡಾಕ್ಟರು ನಕಲು ಇಟ್ಟುಕೊಂಡಿದ್ದಾರೆ, ಹಾಳೆಯನ್ನು ನಿನಗೆ ಕಳಿಸುತ್ತಿದ್ದೇನೆ. ಪುಸ್ತಕಕ್ಕೆ ಮತ್ತೆ ಅಂಟಿಸು. ಮೇಲೆ ನನ್ನ ಹೆಸರು ಬರೆದಿದ್ದೇನೆ. ಹದಿನೇಳನೇ ಸಾಲಿನ ಕೆಳಗೆ ಜುಲೈ 10 ಎಂದು ಹಾಕಿ, ಅವರು ತೆಗೆದ ಸೊಂಟದ ಅಳತೆಯನ್ನು ನಾನೇ ಬರೆದಿದ್ದೇನೆ.

ನೀಲಿ ಬಟ್ಟೆ ಸಿಕ್ಕಿದರೆ ಈ ಅಳತೆಗೆ ಒಂದು ಅಂಗಿ ಹೊಲಿ. ಒಳಗೆ ಎಂದಿನಂತೆ ಎರಡೆರಡು ಇಂಚು ಬಿಡು. ಅಂಗಿಯನ್ನು ಬಿಗಿ ಹಿಡಿಯುವುದಾಗಲಿ ಹೊಲಿಗೆ ಬಿಚ್ಚುವುದಾಗಲಿ, ಕೈ ಹಾಕುವಾಗ ನಾನು ಮಲಗಿದ್ದರೆ ನನ್ನನ್ನು ಎಬ್ಬಿಸು.

ನಿನ್ನ,
ಗುಬ್ಬಿ